ಇಲಿಯ ಬೆನ್ನಲ್ಲಿ ಬೆಳೆದ ಕೂದಲು: ಎಂಡ್ರೆ ಮೆಸ್ಟರ್ ಕಥೆ

ಹೊಳಲ್ಕೆರೆ ಕಡೆ ಅಡಿಕೆ ಮರ ಹತ್ತೋರು, ಹೊಸದುರ್ಗದ ಕಡೆ ತೆಂಗಿನಕಾಯಿ ಕೀಳೋರು, ಹಿರಿಯೂರಲ್ಲಿ ಮೂಟೆ ಹೊರೋರು, ಚಿತ್ರದುರ್ಗದಲ್ಲಿ ಕಬಡ್ಡಿ ಆಡೋ ಹುಡುಗರು, ಯಾರಿಗೇ ಸ್ನಾಯುವಿಗೆ ಪೆಟ್ಟಾದರೂ ಅಷ್ಟು ದಿನದ ಕೆಲಸ, ಆಟ ಎರಡೂ ನಿಲ್ಲುತ್ತವೆ. ಇಂಥ ನೋವಿಗೆ ಫಿಸಿಯೋಥೆರಪಿಯಲ್ಲಿ ಈಗ ಲೇಸರ್ ಬೆಳಕನ್ನೂ ಬಳಸುತ್ತಾರೆ. ಇದಕ್ಕೆ ದಾರಿ ತೋರಿಸಿದವರು ಹಂಗೇರಿಯ ಸರ್ಜನ್ ಎಂಡ್ರೆ ಮೆಸ್ಟರ್.

ಮೆಸ್ಟರ್ ಹುಟ್ಟಿದ್ದು 1903ರಲ್ಲಿ. ಚರ್ಮದ ಕ್ಷಯಕ್ಕೆ ಬೆಳಕಿನಿಂದ ಚಿಕಿತ್ಸೆ ಕೊಟ್ಟ ನೀಲ್ಸ್ ಫಿನ್ಸೆನ್ ಅವರಿಗೆ ನೊಬೆಲ್ ಸಿಕ್ಕಿದ್ದೂ ಅದೇ ವರ್ಷ. 1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮೊದಲ ಲೇಸರ್ ಬೆಳಗಿಸಿದರು. ಅದರಿಂದ ಗಡ್ಡೆಗಳನ್ನು ಸುಡಬಹುದಾ ಅಂತ ಬಾಸ್ಟನ್ನಿನಲ್ಲಿ ಪ್ರಯೋಗ ನಡೆಯಿತು. ಬುಡಾಪೆಸ್ಟಿನಲ್ಲಿ ಮೆಸ್ಟರ್ ಕೂಡ ಅದನ್ನೇ ಇಲಿಗಳ ಮೇಲೆ ಮಾಡಿ ನೋಡಿದರು. ಆದರೆ ಅವರ ರೂಬಿ ಲೇಸರಿನ ಪವರ್ ತುಂಬಾ ಕಡಿಮೆ. ಗಡ್ಡೆ ಕರಗಲೇ ಇಲ್ಲ.

ಪ್ರಯೋಗ ಫೇಲ್ ಅಂತ ಬರೆದು ಫೈಲ್ ಮುಚ್ಚಬಹುದಿತ್ತು. ಮೆಸ್ಟರ್ ಮುಚ್ಚಲಿಲ್ಲ. ಬೆಳಕು ಬಿದ್ದ ಜಾಗದಲ್ಲಿ ಬೋಳಿಸಿದ್ದ ಕೂದಲು ಬೇಗ ಬೆಳೆದಿತ್ತು, ಕೊಯ್ದ ಗಾಯ ಬೇಗ ಮಾಗಿತ್ತು. ಕೂದಲಿನ ವಿಷಯವನ್ನು 1967ರಲ್ಲಿ ಪ್ರಕಟಿಸಿದರು. ಆಮೇಲೆ ವಾಸಿಯಾಗದ ಹುಣ್ಣುಗಳಿದ್ದ ರೋಗಿಗಳಿಗೆ ಈ ಬೆಳಕು ಕೊಟ್ಟರು. 1975ರಲ್ಲಿ ಅವರ ತಂಡ ಸ್ನಾಯುವಿನ ಎಳೆಗಳು ಮತ್ತೆ ಬೆಳೆಯುವುದರ ಮೇಲೆ ಲೇಸರಿನ ಪರಿಣಾಮ ಏನು ಅಂತಲೂ ಬರೆಯಿತು. 1984ರಲ್ಲಿ ಅವರು ತೀರಿಕೊಂಡರು.

ಇದು ಕೆಲಸ ಮಾಡೋದು ಹೇಗೆ? ಜೀವಕೋಶದೊಳಗಿನ ಮೈಟೋಕಾಂಡ್ರಿಯದಲ್ಲಿರುವ ಒಂದು ಕಿಣ್ವ ಕೆಂಪು ಮತ್ತು ಅದರಾಚೆಯ ಕಾಣದ ಬೆಳಕನ್ನು ಹೀರಿಕೊಳ್ಳುತ್ತದೆ, ಆಗ ಕೋಶಕ್ಕೆ ರಿಪೇರಿಗೆ ಬೇಕಾದ ಶಕ್ತಿ ಹೆಚ್ಚು ಸಿಗುತ್ತದೆ ಅನ್ನೋದು ಈಗ ಹೆಚ್ಚಿನವರು ಕೊಡುವ ವಿವರಣೆ. ಡೋಸ್ ಕಡಿಮೆಯಾದರೆ ಏನೂ ಆಗಲ್ಲ, ಜಾಸ್ತಿಯಾದರೆ ಲಾಭ ಹೋಗುತ್ತದೆ. ಸ್ನಾಯುಗಳ ಮೇಲೆ ನಡೆದ ಅಧ್ಯಯನಗಳ ಫಲಿತಾಂಶಗಳೂ ಒಂದೇ ಥರ ಇಲ್ಲ. ಹಾಗಾಗಿ ವಿಶ್ರಾಂತಿ, ವ್ಯಾಯಾಮ ಬಿಟ್ಟು ಬರೀ ಲೇಸರ್ ನಂಬೋದು ಸರಿಯಲ್ಲ. ಲೇಸರ್ ಕೊಡುವವರನ್ನು ಎಷ್ಟು ಮಿಲಿವ್ಯಾಟ್, ಎಷ್ಟು ನಿಮಿಷ ಅಂತ ಕೇಳಬೇಕು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲೇಬೇಕು.

ನಾವು ಇಂಜಿನಿಯರಿಂಗ್ ಓದೋರು ಯಾವಾಗಲೂ ಹೆಚ್ಚು ಪವರ್ ಹುಡುಕುತ್ತೇವೆ. ಪವರ್ ಸಾಲದ ಲೇಸರ್ ಕೈಯಲ್ಲಿದ್ದರೂ ಮೆಸ್ಟರ್ ಇಲಿಯ ಬೆನ್ನನ್ನು ಸರಿಯಾಗಿ ನೋಡಿದರು. ಅಷ್ಟರಿಂದಲೇ ಒಂದು ಚಿಕಿತ್ಸೆ ಹುಟ್ಟಿತು.