ವೆಲ್ಲೂರಿನ ಇಡಾ ಸ್ಕಡರ್: ಬೇಡ ಅಂದ ಊರಲ್ಲೇ ಹೆರಿಗೆ ಮಾಡಿಸಿ ಖುಷಿ ಕಂಡ ಡಾಕ್ಟರಮ್ಮ

ಬಿಟ್ಟಂಗಾಲ: ನಮ್ಮ ಕಡೆ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಮೊದಲು ವಿರಾಜಪೇಟೆ, ಆಮೇಲೆ ಮೈಸೂರು ಇಲ್ಲ ಮಂಗಳೂರು. ಅಲ್ಲೂ ಗುಣ ಆಗಲಿಲ್ಲ ಅಂದರೆ ಒಂದ್ಸಲ ವೆಲ್ಲೂರಿಗೆ ಹೋಗಿ ಬನ್ನಿ ಅಂತ ಅಂಗಡಿ ಮುಂದೆ ಕೂತವರೂ ಹೇಳ್ತಾರೆ. ಆ ವೆಲ್ಲೂರು ಆಸ್ಪತ್ರೆ ಹುಟ್ಟಿದ್ದು ಹೆರಿಗೆಯಲ್ಲಿ ಸತ್ತ ಮೂವರು ಹೆಂಗಸರ ನೋವಿನಿಂದ. ಕಟ್ಟಿದವರು ಡಾ. ಇಡಾ ಸ್ಕಡರ್.

ಇಡಾ ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ತಮಿಳುನಾಡಿನ ರಾಣಿಪೇಟೆಯಲ್ಲಿ. ಅಮೆರಿಕದ ಮಿಷನರಿ ಕುಟುಂಬ. ಅಜ್ಜನೂ ಡಾಕ್ಟರ್, ಅಪ್ಪನೂ ಡಾಕ್ಟರ್. ಚಿಕ್ಕವಳಿದ್ದಾಗ ಬರಗಾಲದಲ್ಲಿ ಹಸಿದ ಮಕ್ಕಳನ್ನು ಕಣ್ಣಾರೆ ಕಂಡಿದ್ದ ಹುಡುಗಿಗೆ ಈ ದೇಶದ ಸಹವಾಸವೇ ಬೇಡ ಅನ್ನಿಸಿತ್ತು. ಅಮೆರಿಕಕ್ಕೆ ಹೋಗಿ ಓದಿದರು, ಅಲ್ಲೇ ನೆಲೆ ನಿಲ್ಲುವ ಆಸೆ. 1890ರಲ್ಲಿ ತಾಯಿಗೆ ಹುಷಾರಿಲ್ಲ ಅಂತ ತಿಂಡಿವನಂಗೆ ಬಂದರು. ಸ್ವಲ್ಪ ದಿನ ಇದ್ದು ವಾಪಸ್ ಹೋಗೋದು ಅಂತ ಲೆಕ್ಕ.

ಒಂದು ರಾತ್ರಿ ಎಲ್ಲ ತಲೆಕೆಳಗಾಯಿತು. ಒಬ್ಬರಾದ ಮೇಲೆ ಒಬ್ಬರಂತೆ ಮೂವರು ಗಂಡಸರು ಬಾಗಿಲು ತಟ್ಟಿದರು. ಮೂವರ ಹೆಂಡತಿಯರೂ ಹೆರಿಗೆ ನೋವಿನಲ್ಲಿ ಒದ್ದಾಡುತ್ತಿದ್ದರು. ಅಪ್ಪ ಡಾಕ್ಟರ್ ಇದ್ದಾರೆ, ಕರೆದುಕೊಂಡು ಹೋಗಿ ಅಂತ ಇಡಾ ಹೇಳಿದರು. ಹೆಂಗಸಿನ ಹತ್ತಿರ ಪರ ಗಂಡಸು ಬರೋದು ಆಗಲ್ಲ, ನೀವೇ ಬನ್ನಿ ಅಂದರು ಅವರು. ಇಡಾಗೆ ವೈದ್ಯವೇ ಗೊತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರೂ ತೀರಿಹೋಗಿದ್ದರು. ಅಲ್ಲಿ ಡಾಕ್ಟರ್ ಇದ್ದರು. ಒಳಗೆ ಹೋಗಬಲ್ಲ ಹೆಣ್ಣು ಡಾಕ್ಟರ್ ಇರಲಿಲ್ಲ, ಅಷ್ಟೇ.

ಇಡಾ ಮತ್ತೆ ಅಮೆರಿಕಕ್ಕೆ ಹೋದರು, ಈ ಸಲ ಡಾಕ್ಟರಾಗಿ ವಾಪಸ್ ಬರೋದಕ್ಕೆ. 1899ರಲ್ಲಿ ಕಾರ್ನೆಲ್‌ನಿಂದ ಡಿಗ್ರಿ ಪಡೆದರು. 1900ರಲ್ಲಿ ವೆಲ್ಲೂರಿಗೆ ಬಂದ ಕೆಲವೇ ತಿಂಗಳಲ್ಲಿ ಅಪ್ಪ ತೀರಿಕೊಂಡರು. ಕೈ ಹಿಡಿದು ಕಲಿಸೋರಿಲ್ಲ. ಮನೆಯದೇ ಒಂದು ಸಣ್ಣ ಕೋಣೆಯಲ್ಲಿ ರೋಗಿಗಳನ್ನು ನೋಡೋಕೆ ಶುರು ಮಾಡಿದರು. 1902ರಲ್ಲಿ 40 ಹಾಸಿಗೆಯ ಹೆಂಗಸರ ಆಸ್ಪತ್ರೆ ಎದ್ದಿತು. ಅಮೆರಿಕದ ಒಬ್ಬ ಬ್ಯಾಂಕರ್ ತೀರಿಹೋದ ಹೆಂಡತಿಯ ನೆನಪಿಗೆ 10 ಸಾವಿರ ಡಾಲರ್ ಕೊಟ್ಟಿದ್ದರು.

ಆಸ್ಪತ್ರೆಗೆ ಬರೋಕೆ ಆಗದವರ ಹತ್ತಿರ ಆಸ್ಪತ್ರೆಯೇ ಹೊರಟಿತು. ಮೊದಲು ಎತ್ತಿನಗಾಡಿ, ಆಮೇಲೆ ಕಾರು. ಮೊದಲ ಸಲ ಕಾರು ನೋಡಿದ ಹಳ್ಳಿಯವರು ದೆವ್ವ ಬಂತು ಅಂತ ಓಡಿಹೋದರಂತೆ! ದಿನ ಕಳೆದಂತೆ ಅದೇ ಜನ ರಸ್ತೆ ಬದಿ ಮರದ ನೆರಳಲ್ಲಿ ಅವರಿಗಾಗಿ ಕಾಯುತ್ತಿದ್ದರು.

ಒಬ್ಬಳೇ ಎಷ್ಟು ಮನೆಗೆ ಓಡೋದು? 1909ರಲ್ಲಿ ನರ್ಸ್‌ಗಳಿಗೆ ತರಬೇತಿ ಶುರುವಾಯಿತು. 1918ರಲ್ಲಿ ಹೆಣ್ಣುಮಕ್ಕಳಿಗೇ ಅಂತ ಮೆಡಿಕಲ್ ಸ್ಕೂಲ್ ತೆರೆದರು. ಮೂರು ಹುಡುಗಿಯರು ಸಿಕ್ಕರೆ ನಿಮ್ಮ ಪುಣ್ಯ ಅಂತ ಸರ್ಕಾರದ ದೊಡ್ಡ ವೈದ್ಯಾಧಿಕಾರಿ ಮೊದಲೇ ಹೇಳಿದ್ದರು. ಆದರೆ ಆ ಮೊದಲ ಬ್ಯಾಚ್‌ನಲ್ಲೇ 14 ಹುಡುಗಿಯರು ಪರೀಕ್ಷೆ ಪಾಸಾಗಿ ಹೊರಬಂದರು. ಅಂದು ರಾತ್ರಿ ಮೂರು ಮನೆಗೆ ಒಬ್ಬರೂ ಸಿಗದ ಕಡೆ ಈಗ 14 ಜನ ಡಾಕ್ಟರಮ್ಮಂದಿರು. 1947ರಿಂದ ಹುಡುಗರಿಗೂ ಸೀಟು ಸಿಕ್ಕಿತು.

ಇಷ್ಟು ಸಾವು ನೋವು ನೋಡಿದವರ ಮುಖ ಸದಾ ಗಂಟು ಹಾಕಿಕೊಂಡಿರಬೇಕು ಅಲ್ವಾ? ಇಡಾ ಹಾಗಿರಲಿಲ್ಲ. ವಯಸ್ಸಾದ ಮೇಲೂ ಟೆನಿಸ್ ಆಡಿ ಚಿಕ್ಕ ಹುಡುಗಿಯರನ್ನು ಸುಸ್ತು ಮಾಡುತ್ತಿದ್ದರು. ಗುಲಾಬಿ ಗಿಡ ಅಂದರೆ ಜೀವ. ಮದುವೆ ಆಗಲಿಲ್ಲ, ಸಂಸಾರ ಇಲ್ಲ. ಆದರೆ ಅವರದು ತ್ಯಾಗದ ಕಥೆ ಅಂತ ಕಣ್ಣೀರು ಹಾಕುವಂಥದ್ದೇನೂ ಇಲ್ಲ. ತಾಯಿ, ಮಗು ಎರಡೂ ಉಳಿದ ಮನೆಯಿಂದ ಹೊರಗೆ ಬರೋ ಖುಷಿ ಅವರಿಗೆ ದಿನಾ ಸಿಗುತ್ತಿತ್ತು. ಬೇಡ ಅಂದುಕೊಂಡ ಊರೇ ಸ್ವಂತ ಊರಾಯಿತು. 1960ರ ಮೇ 24ರಂದು ಕೊಡೈಕೆನಾಲ್‌ನಲ್ಲಿ ತೀರಿಕೊಂಡಾಗ ಅವರಿಗೆ 89 ವರ್ಷ.

ನಮ್ಮ ಊರುಗಳಿಂದಲೂ ಹೆಣ್ಣುಮಕ್ಕಳು ನರ್ಸಿಂಗ್ ಓದಿ ಗಲ್ಫು, ಇಂಗ್ಲೆಂಡು ಅಂತ ಹೋಗ್ತಿದ್ದಾರೆ. ಎಷ್ಟು ಸಂಬಳ ಅಂತ ನಾವು ಕೇಳ್ತೀವಿ. ಕೇಳೋದು ತಪ್ಪಲ್ಲ, ಮನೆ ಸಾಲ ತೀರಬೇಕಲ್ಲ. ಮುಂದಿನ ಸಲ ರಜೆಗೆ ಬಂದಾಗ ಇನ್ನೊಂದು ಮಾತೂ ಕೇಳಿ: ಅಲ್ಲಿ ಎಷ್ಟು ಕೂಸುಗಳನ್ನು ಕೈಗೆತ್ತಿಕೊಂಡೆ ಮಗಳೇ, ಅಂತ. ಆಗ ಅವರ ಮುಖ ನೋಡಿ.