ಡಾ. ಶಂಭುನಾಥ ದೇ: ಕಾಲರಾ ವಿಷವನ್ನು ಗುರುತಿಸಿದ ವೈದ್ಯವಿಜ್ಞಾನಿ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಸಾರ್ವಜನಿಕರ ಮಾಹಿತಿಗಾಗಿ.

2023ರ ಮೇ–ಜೂನ್ ಅವಧಿಯಲ್ಲಿ ಕೊಪ್ಪಳ ಜಿಲ್ಲೆಯ ಬಸರಿಹಾಳ ಹಾಗೂ ಬಿಜಕಲ್ ಗ್ರಾಮಗಳಲ್ಲಿ ವಾಂತಿಭೇದಿ ಕಾಣಿಸಿಕೊಂಡು ಸಾವುಗಳು ಸಂಭವಿಸಿದುದು ಸಾರ್ವಜನಿಕರ ನೆನಪಿನಲ್ಲಿರುತ್ತದೆ. ವಾಂತಿಭೇದಿಯೆಲ್ಲವೂ ಕಾಲರಾ ಅಲ್ಲ. ಆದರೆ ಭೇದಿಯಿಂದ ಮನುಷ್ಯನು ಕೆಲವೇ ಗಂಟೆಗಳಲ್ಲಿ ಏಕೆ ಸಾಯುತ್ತಾನೆ ಎಂಬುದನ್ನು ತಿಳಿಯಲು ದಾರಿ ತೋರಿದವರು ಕಾಲರಾ ಕುರಿತು ಸಂಶೋಧನೆ ನಡೆಸಿದ ಡಾ. ಶಂಭುನಾಥ ದೇ ಅವರು.

ಶ್ರೀಯುತರು 1915ರ ಫೆಬ್ರವರಿ 1ರಂದು ಬಂಗಾಳದ ಹೂಗ್ಲಿ ಜಿಲ್ಲೆಯ ಗರಿಬಾಟಿ ಗ್ರಾಮದ ಬಡ ಕುಟುಂಬದಲ್ಲಿ ಜನಿಸಿದರು. ಕಲ್ಕತ್ತಾ ವೈದ್ಯಕೀಯ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ನಂತರ ಲಂಡನ್ನಿನಲ್ಲಿ ರಾಯ್ ಕ್ಯಾಮರಾನ್ ಅವರ ಮಾರ್ಗದರ್ಶನದಲ್ಲಿ 1949ರಲ್ಲಿ ಪಿಎಚ್.ಡಿ. ಪದವಿ ಪಡೆದರು. ತಾಯ್ನಾಡಿಗೆ ಮರಳಿದ ಬಳಿಕ ಕಾಲರಾ ಸಂಶೋಧನೆಯನ್ನು ಕೈಗೆತ್ತಿಕೊಂಡರು.

ರಾಬರ್ಟ್ ಕಾಖ್ ಅವರು 1884ರಲ್ಲಿ ಅದೇ ಕಲ್ಕತ್ತಾದಲ್ಲಿ ಕಾಲರಾ ರೋಗಾಣುವನ್ನು ಪ್ರತ್ಯೇಕಿಸಿದ್ದರು. ಅದು ವಿಷವೊಂದನ್ನು ಉತ್ಪಾದಿಸುತ್ತದೆ ಎಂದೂ ಊಹಿಸಿದ್ದರು. ಆದರೆ ಮುಂದಿನ ಸಂಶೋಧಕರು ರೋಗಾಣುವನ್ನು ಪ್ರಾಣಿಗಳ ರಕ್ತಕ್ಕೋ ಹೊಟ್ಟೆಯ ಪೊರೆಗೋ ಚುಚ್ಚಿ ಪರೀಕ್ಷಿಸಿದ್ದರಿಂದ ವಿಷ ಸಿಗಲಿಲ್ಲ. ದೇ ಅವರು ಮೊಲದ ಸಣ್ಣಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಬಿಗಿದು ಅದರೊಳಗೇ ರೋಗಾಣುವನ್ನು ಬಿಟ್ಟರು. ಮರುದಿನ ಆ ತುಂಡು ನೀರಿನಿಂದ ಉಬ್ಬಿತ್ತು. ಈ ವರದಿ 1953ರಲ್ಲಿ ಪ್ರಕಟವಾಯಿತು. 1959ರಲ್ಲಿ ರೋಗಾಣುಗಳನ್ನು ಪೂರ್ಣವಾಗಿ ಸೋಸಿ ತೆಗೆದ ದ್ರವವೊಂದರಿಂದಲೇ ಅದೇ ಪರಿಣಾಮ ಉಂಟಾಗುವುದನ್ನು ಅವರು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾಖ್ ಅವರ ಊಹೆ ರುಜುವಾತಾಗಲು 75 ವರ್ಷ ಹಿಡಿಯಿತು. ಬಳಸಿದ್ದು ದಾರ, ಮೊಲ, ಸೋಸುವ ಸಾಧನ ಮಾತ್ರ ಎಂಬುದು ಗಮನಾರ್ಹ.

ಆ ವಿಷದ ಕಾರ್ಯವಿಧಾನವು ನಂತರದ ದಶಕಗಳಲ್ಲಿ ತಿಳಿದುಬಂದಿತು. ಕರುಳಿನ ಜೀವಕೋಶದ ಪೊರೆಯಲ್ಲಿರುವ ಜಿಎಂ1 ಎಂಬ ಸಕ್ಕರೆಯುಕ್ತ ಕೊಬ್ಬಿಗೆ ವಿಷವು ಅಂಟಿಕೊಳ್ಳುತ್ತದೆ. ಬಳಿಕ ಒಳಹೊಕ್ಕು ಜಿ-ಪ್ರೋಟೀನು ಎಂಬ ಸಂಕೇತವಾಹಕವನ್ನು ಮಾರ್ಪಡಿಸುತ್ತದೆ. ಈ ಪ್ರೋಟೀನು ಅಗತ್ಯವಿದ್ದಾಗ ತೆರೆದು, ಕೆಲಸ ಮುಗಿದೊಡನೆ ಮುಚ್ಚಿಕೊಳ್ಳುವ ನಲ್ಲಿಯಂತೆ. ವಿಷ ತಗುಲಿದಾಗ ಮುಚ್ಚಿಕೊಳ್ಳಲಾರದು. ಕೋಶದೊಳಗೆ ಸೈಕ್ಲಿಕ್ ಎ.ಎಂ.ಪಿ. ಎಂಬ ಸಂದೇಶವಸ್ತು ಏರುತ್ತಲೇ ಹೋಗಿ, ಲವಣ ಮತ್ತು ನೀರು ಹೊರಕ್ಕೆ ಸುರಿಯುತ್ತವೆ. ತೀವ್ರ ರೋಗಿಯು ಗಂಟೆಗೆ ಒಂದು ಲೀಟರ್‌ವರೆಗೂ ನೀರನ್ನು ಕಳೆದುಕೊಳ್ಳಬಹುದು. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಖರ್ಚಿಗೆ ಮಂಜೂರಾತಿ ಕೊಡುವ ಅಧಿಕಾರಿಯ ಸಹಿ ನಿಲ್ಲದೇ ಬೀಳುತ್ತಿರುವ ಸ್ಥಿತಿ ಇದು.

ಇದೇ ಪ್ರೋಟೀನು ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯ ಕೋಶಗಳಲ್ಲಿಯೂ ಇದ್ದು, ಬೆಳವಣಿಗೆಯ ಹಾರ್ಮೋನಿನ ಸ್ರವಿಕೆಯನ್ನು ನಿಯಂತ್ರಿಸುತ್ತದೆ. ಅಲ್ಲಿನ ಕೆಲವು ಗಡ್ಡೆಗಳಲ್ಲಿ ವಂಶವಾಹಿಯ ದೋಷದಿಂದ ಇದೇ ನಲ್ಲಿ ತೆರೆದೇ ಉಳಿದು, ಹಾರ್ಮೋನು ಅತಿಯಾಗಿ ಸ್ರವಿಸಿ, ಕೈಕಾಲು ಹಾಗೂ ಮುಖದ ಮೂಳೆಗಳು ದಪ್ಪವಾಗುತ್ತವೆ. ಕರುಳಿಗೂ ಮೆದುಳಿನ ಗ್ರಂಥಿಗೂ ಒಂದೇ ಬಗೆಯ ನಿಯಂತ್ರಣವಿದೆಯೆಂಬುದು ಸಾಮಾನ್ಯ ಓದುಗರಿಗೆ ಅಚ್ಚರಿಯೆನಿಸಬಹುದು. ಕಾಲರಾ ವಿಷವನ್ನೇ ಸಾಧನವಾಗಿ ಬಳಸಿ ಹಾರ್ಮೋನು ಸ್ರವಿಸುವ ಕೋಶಗಳನ್ನು ಅಧ್ಯಯನ ಮಾಡಲಾಗಿದೆ.

ವಿಷವು ನೀರನ್ನು ಹೊರಹಾಕಿಸಿದರೂ, ಸಕ್ಕರೆಯೊಡನೆ ಉಪ್ಪನ್ನು ಒಳಗೆಳೆದುಕೊಳ್ಳುವ ಕರುಳಿನ ಮತ್ತೊಂದು ಮಾರ್ಗಕ್ಕೆ ಧಕ್ಕೆಯಾಗುವುದಿಲ್ಲ. ಓ.ಆರ್.ಎಸ್. ದ್ರಾವಣವು ಉಪಯುಕ್ತವಾಗುವುದು ಇದೇ ಕಾರಣದಿಂದ. ಭೇದಿ ನಿಲ್ಲಲಿಲ್ಲವೆಂದು ಕುಡಿಸುವುದನ್ನು ನಿಲ್ಲಿಸಬಾರದು. ಒಂದು ಲೀಟರಿನ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿನಲ್ಲಿಯೇ ಕರಗಿಸಿ, 24 ಗಂಟೆಯೊಳಗೆ ಬಳಸತಕ್ಕದ್ದು. ರೋಗಿಗೆ ಕುಡಿಯಲಾಗದಿದ್ದಲ್ಲಿ ಅಥವಾ ಮೂತ್ರ ನಿಂತಲ್ಲಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಪೊಟ್ಟಣಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಾಗೂ ಆಶಾ ಕಾರ್ಯಕರ್ತೆಯರ ಬಳಿ ಉಚಿತವಾಗಿ ದೊರೆಯುತ್ತವೆ.

ದೇ ಅವರು 1973ರಲ್ಲಿ ಸೇವೆಯಿಂದ ನಿವೃತ್ತರಾದರು. ಇಂತಹ ಶೋಧಕ್ಕೆ ಅವರ ಜೀವಿತಾವಧಿಯಲ್ಲಿ ಸ್ವದೇಶದಲ್ಲಿ ದೊಡ್ಡ ಗೌರವವೇನೂ ಸಲ್ಲಲಿಲ್ಲ ಎಂಬುದು ವಿಷಾದದ ಸಂಗತಿ. ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಅವರು ನೊಬೆಲ್ ಪ್ರಶಸ್ತಿಗೆ ಇವರ ಹೆಸರನ್ನು ಒಂದಕ್ಕಿಂತ ಹೆಚ್ಚು ಬಾರಿ ಸೂಚಿಸಿದ್ದರು, ಪ್ರಶಸ್ತಿ ಬರಲಿಲ್ಲ. 1978ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರ ಸಂಕಿರಣಕ್ಕೆ ಸ್ವೀಡನ್ನಿನಿಂದ ಆಹ್ವಾನ ಬಂದಿತು. 1985ರ ಏಪ್ರಿಲ್ 15ರಂದು ಅವರು ನಿಧನರಾದರು. ಐದು ವರ್ಷಗಳ ತರುವಾಯ, 1990ರಲ್ಲಿ, ಬೆಂಗಳೂರಿನಿಂದ ಪ್ರಕಟವಾಗುವ ಕರೆಂಟ್ ಸೈನ್ಸ್ ಪತ್ರಿಕೆಯು ಅವರ ಸ್ಮರಣಾರ್ಥ ವಿಶೇಷ ಸಂಚಿಕೆಯನ್ನು ಹೊರತಂದಿತು.