ಬಿಲ್ ಎವನ್ಸ್ ಮತ್ತು ಒಂದು ಭಾನುವಾರ

ಜಾಝ್ ಅಂದ್ರೆ ಬರೀ ಸ್ಯಾಕ್ಸೋಫೋನ್ ಗದ್ದಲ ಅಂದ್ಕೊಂಡಿದ್ದೀರಾ? ಹಾಗಾದ್ರೆ ಬಿಲ್ ಎವನ್ಸ್ ಅವರ ಪಿಯಾನೋ ಒಮ್ಮೆ ಕೇಳಬೇಕು.

1929ರ ಆಗಸ್ಟ್ 16ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದ ಎವನ್ಸ್, ಚಿಕ್ಕಂದಿನಲ್ಲೇ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿತರು. 1959ರಲ್ಲಿ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಆಲ್ಬಂನಲ್ಲಿ ನುಡಿಸಿದರು. ಅದೇ ವರ್ಷ ಬಾಸ್ ವಾದಕ ಸ್ಕಾಟ್ ಲಫಾರೋ, ಡ್ರಮ್ಸ್ ವಾದಕ ಪಾಲ್ ಮೋಷನ್ ಜೊತೆ ಸ್ವಂತ ಟ್ರಿಯೋ ಕಟ್ಟಿದರು.

ಪಿಯಾನೋ ಟ್ರಿಯೋ ಅಂದ್ರೆ ಸಾಮಾನ್ಯವಾಗಿ ಪಿಯಾನೋದ್ದೇ ಯಜಮಾನಿಕೆ, ಉಳಿದೆರಡು ಪಕ್ಕವಾದ್ಯ. ಇಲ್ಲಿ ಹಾಗಲ್ಲ. ಪಿಯಾನೋ ಒಂದು ಮಾತಾಡಿದ್ರೆ ಬಾಸ್ ಉತ್ತರ ಕೊಡುತ್ತೆ, ಡ್ರಮ್ಸ್ ನಡುವೆ ಬಾಯಿ ಹಾಕುತ್ತೆ. ಮೂವರು ಗೆಳೆಯರ ಹರಟೆ ಥರ!

1961ರ ಜೂನ್ 25, ಭಾನುವಾರ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಮಧ್ಯಾಹ್ನದಿಂದ ರಾತ್ರಿವರೆಗೆ ಐದು ಸುತ್ತು ನುಡಿಸಿದರು, ಎಲ್ಲವೂ ರೆಕಾರ್ಡ್ ಆಯಿತು. ಹನ್ನೊಂದೇ ದಿನಕ್ಕೆ ಲಫಾರೋ ಕಾರು ಅಪಘಾತದಲ್ಲಿ ತೀರಿಹೋದರು. ವಯಸ್ಸು ಬರೀ 25. ಎವನ್ಸ್ ತಿಂಗಳುಗಟ್ಟಲೆ ವೇದಿಕೆ ಹತ್ತಲಿಲ್ಲ. ಆ ದಿನದ ಧ್ವನಿಮುದ್ರಣದಿಂದ ಬಂದ ಮೊದಲ ಆಲ್ಬಂಗೆ ಲಫಾರೋ ಬಾಸ್ ಎದ್ದು ಕಾಣುವ ತುಣುಕುಗಳನ್ನೇ ಆರಿಸಲಾಯಿತು. ಎರಡನೆಯದು 'ವಾಲ್ಟ್ಸ್ ಫಾರ್ ಡೆಬಿ'. ಆ ಹೆಸರಿನ ರಚನೆ ಎವನ್ಸ್ ತಮ್ಮ ಅಣ್ಣನ ಮಗಳಿಗಾಗಿ ಮಾಡಿದ್ದು.

ಆಮೇಲೆ ಬೇರೆ ಟ್ರಿಯೋಗಳನ್ನು ಕಟ್ಟಿದರು, ಪ್ರಶಸ್ತಿಗಳೂ ಬಂದವು. ಮಾದಕ ವ್ಯಸನ ಮಾತ್ರ ದೇಹವನ್ನು ಹಣ್ಣು ಮಾಡಿತು. 1980ರ ಸೆಪ್ಟೆಂಬರ್ 15ರಂದು, 51ನೇ ವಯಸ್ಸಿನಲ್ಲಿ ತೀರಿಕೊಂಡರು.

ಇವತ್ತು ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಆ ಆಲ್ಬಂ ಕೇಳಿ. ಹಿಂದೆ ಗ್ಲಾಸುಗಳ ಸದ್ದು, ಜನರ ಮಾತು ಕೇಳಿಸುತ್ತೆ. ಅದು ಆ ಮೂವರ ಕೊನೆಯ ಧ್ವನಿಮುದ್ರಣ ಅಂತ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.